ಕೋಡಿಯ ಮಠದ ಅಭಯ

ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠವನ್ನು 1162ರ ಶಾಸನ ಬಾಯ್ತುಂಬ ಬಣ್ಣಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ವೇದ, ವ್ಯಾಕರಣ, ಬೌದ್ಧವೂ ಸೇರಿದಂತೆ ನಾನಾ ದರ್ಶನಗಳ ಪಾಠ ನಡೆಯುತ್ತಿತ್ತು. ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು, ಸಕಲ ಜೀವಿಗಳಿಗೂ ಅಭಯ. ಊರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಇದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಅಭಯವೆಂಬ ಆ ಕೊನೆಯ ಮಾತು ನನ್ನನ್ನು ಕಾಡತೊಡಗಿದ್ದು ನಮ್ಮಣ್ಣನಿಗೆ ಲಕ್ವ ಹೊಡೆದ ಮೇಲೆ.

ಅಣ್ಣನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ 114 ಬಂದಿತ್ತು. "ಶುಗರ್ ಇಲ್ಲ, ಧೈರ್ಯವಾಗಿರಿ" ಎಂದು ಕಳಿಸಿದ್ದರು. ಬಲಗೈ ಬಿದ್ದು ಮಾತು ತೊದಲಿದ ದಿನ ಅತ್ತಿಗೆ ಕೇಳಿದರು: "ಇಲ್ಲ ಅಂದಿದ್ರಲ್ಲ, ಮತ್ಯಾಕೆ ಹಿಂಗಾತು?"

126 ಮುಟ್ಟಿದರೆ ಮಧುಮೇಹ. ಆ ಗೆರೆ ಎಳೆದವರು ಮನುಷ್ಯರು, ನೆತ್ತರಿಗೆ ಅದರ ಗೊಡವೆಯಿಲ್ಲ. ಸುಮಾರು 7 ಲಕ್ಷ ಜನರ ದಾಖಲೆ ಕೂಡಿಸಿ 2010ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹ ಇಲ್ಲದವರಿಗೆ ಸಕ್ಕರೆ 70ರಿಂದ 100ರೊಳಗೆ ಇದ್ದಾಗ ರಕ್ತನಾಳದ ಕಾಯಿಲೆಯ ಅಪಾಯ ಏರಿದ್ದು ಕಾಣಲಿಲ್ಲ. ಅದರಾಚೆ ಮೆಲ್ಲಗೆ ಏರಿತ್ತು. ಮಧುಮೇಹಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಬರುವ ಲಕ್ವದ ಅಪಾಯ ಎರಡು ಪಟ್ಟಿಗೂ ಮಿಕ್ಕಿತ್ತು. ಹಾಗೆಂದು ಅಣ್ಣನ ಲಕ್ವವನ್ನು ಆ 114ರ ತಲೆಗೆ ಕಟ್ಟಲಾರೆ. ಬಿಪಿಯ ಪಾಲು ಇದಕ್ಕಿಂತ ದೊಡ್ಡದು.

ಹಾಗಾದರೆ ಅಭಯ ಕೊಡುವುದೆಂದರೇನು? "ನಿನಗೇನೂ ಇಲ್ಲ" ಎನ್ನುವುದು ಅಭಯವಲ್ಲ. ಕೇಳಿದವರು ಹಾಯಾಗಿ ಮರೆತುಬಿಡುತ್ತಾರೆ. ಇರುವುದನ್ನು ಇರುವಷ್ಟೇ ಹೇಳಿ, ಮುಂದಿನ ತಿಂಗಳು ಮತ್ತೆ ಬಾ ಎಂದು ಜೊತೆಗೆ ನಿಲ್ಲುವುದು ಅಭಯ. ಮದ್ದಿನ ಜೊತೆಗೇ ಅಭಯವನ್ನೂ ಹೇಳಿದ ಶಾಸನವನ್ನು ನಾನು ಓದಿಕೊಳ್ಳುವುದು ಹೀಗೆ.

ಅಲ್ಲಮ ಹುಟ್ಟಿದ ಊರು ನಮ್ಮದು. ಶೂನ್ಯಸಂಪಾದನೆಯಲ್ಲಿ ಅವನಿಗೆ ಎದುರಾದ ಸಿದ್ಧ ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿ ಖಣಿಲೆನ್ನುತ್ತದೆ. ಅಲ್ಲಮನ ಮೇಲೆ ಬೀಸಿದ್ದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಅಳಿಯದ ಮೈ ಬೇಕೆಂಬ ಹಟವೇ ದೊಡ್ಡ ಭಯ ಎಂಬುದನ್ನು ನಾನು ಒಪ್ಪುತ್ತೇನೆ. ಇದನ್ನೇ ನೆಪ ಮಾಡಿ "ಹಣೆಬರಹ" ಎಂದು ಕೈಚೆಲ್ಲುವವರನ್ನು ಒಪ್ಪುವುದಿಲ್ಲ. ಇವತ್ತು ಅಣ್ಣನಿಗೆ ಗಂಜಿ ಕುಡಿಸುವವರು ಅತ್ತಿಗೆ. ದುಡಿಯುವ ಕೈ, ಆಡುವ ಮಾತು ಉಳಿಸಿಕೊಳ್ಳುವುದು ದೇಹದ ಮೋಹವಲ್ಲ, ನಮ್ಮನ್ನು ಹೊರಬೇಕಾದವರ ಮೇಲಿನ ಕರುಣೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಖಾಲಿ ಹೊಟ್ಟೆಯ ಸಕ್ಕರೆ 100 ದಾಟಿದ್ದರೆ ಹೆದರಬೇಡಿ, ಮರೆಯಲೂ ಬೇಡಿ. ಬಿಪಿ ನೋಡಿಸಿ, ನಡೆಯಿರಿ, ಬೀಡಿ ಬಿಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ನಮ್ಮೂರಿನಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್.