ರಸೀದಿ ಪುಸ್ತಕ ಹಿಡಿದವರು

ಭಾನುವಾರ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬರುತ್ತೇವೆ. ಅನಾಥಾಲಯ ನಡೆಸುವವರೊಬ್ಬರು ರಸೀದಿ ಪುಸ್ತಕ ಹಿಡಿದು ನಿಂತಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಬೇರೆ ಬಾಗಿಲು ಹುಡುಕುತ್ತೇವೆ. ಸೇವೆ ಮಾಡುವವರಿಗೆ ಹಣದ ಗೊಡವೆ ಏಕೆ ಎನ್ನುತ್ತೇವೆ. ಮಕ್ಕಳ ಕಣ್ಣೊರೆಸುವುದು ಸೇವೆ. ಲೆಕ್ಕ ಬರೆಯುವುದು, ಅಂಗಡಿ ಸಾಲ ತೀರಿಸುವುದು, ದಾನಿಗಳ ಮನೆ ಅಲೆಯುವುದು ಬರೀ ವ್ಯವಹಾರ. ಪ್ರಿಯ ಓದುಗರೇ, ಹೀಗೆ ಪಾಲು ಮಾಡುವುದು ನ್ಯಾಯವೇ?

ಕುರ್ತಕೋಟಿ ಕಡೆಯವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪರಿಚಯಿಸಬೇಕಾಗಿಲ್ಲ. ಹುಟ್ಟಿನಿಂದಲೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಡಲು ಕಟ್ಟಿದ ಮನೆ ಅದು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಆಗ ಅವರಿಗೆ ಮೂವತ್ತು ವರ್ಷ. ಅವರೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಗಾಯನ, ಹಾರ್ಮೋನಿಯಂ, ತಬಲಾ ಎಲ್ಲವೂ ಕರಗತ. ತಮ್ಮ ಪಾಡಿಗೆ ಹಾಡಿಕೊಂಡಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ಕುಳಿತ ಮಕ್ಕಳಿಗೆ ಯಾರು ಗತಿ?

ಅವರು ನಾಟಕ ಬರೆದರು, ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಆ ಗಳಿಕೆ ಆಶ್ರಮದ ಒಲೆಗೆ. ಮುಂದೆ ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತೂಗಿದರು, ಒಂದೆರಡಲ್ಲ, ನೂರಾರು ಬಾರಿ. ತುಲಾಭಾರವೆಂದರೆ ನನಗೆ ಮೊದಲಿನಿಂದಲೂ ಮುಜುಗರ. ಮನುಷ್ಯನನ್ನು ತೂಗುವುದೇನು, ಮೆರೆಸುವುದೇನು! ಆದರೆ ಆ ಹಣವೂ ಮಕ್ಕಳ ಪಾಲಿಗೇ ಹೋಯಿತು. ತನಗಾಗಿ ಕೇಳಲು ನಾಚುವವನು ಇನ್ನೊಬ್ಬರ ಮಗುವಿಗಾಗಿ ನಾಲ್ಕು ಜನರೆದುರು ತಕ್ಕಡಿ ಏರುವುದು ಸಣ್ಣ ಮಾತಲ್ಲ. ಮಾನವನ್ನೂ ಕೊಟ್ಟುಬಿಡುವುದು ದಾನವಲ್ಲವೇ?

ಹಾಗೆಂದು ಇಂಥವರ ಬಳಿ ಲೆಕ್ಕ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಕೇಳಲೇಬೇಕು. ಮಕ್ಕಳ ಹೆಸರಿನಲ್ಲಿ ಬಂದ ರೂಪಾಯಿ ಮಕ್ಕಳದ್ದು. ಕೇಳಿದವರ ಮೇಲೆ ಸಿಡುಕುವ ಮುಖ್ಯಸ್ಥರನ್ನು ನಾನು ನಂಬುವುದಿಲ್ಲ. ಆದರೆ ಲೆಕ್ಕ ಕೇಳುವವರು ಮೊದಲು ಏನಾದರೂ ಕೊಟ್ಟಿರಬೇಕು!

ಇಂದಿನ ಹೆಸರಾಂತ ಗಾಯಕ ಎಂ. ವೆಂಕಟೇಶ ಕುಮಾರ್ ಹುಡುಗನಾಗಿ ಈ ಆಶ್ರಮಕ್ಕೆ ಬಂದು ಹನ್ನೆರಡು ವರ್ಷ ಅಲ್ಲೇ ಉಂಡು, ಕಲಿತು ಬೆಳೆದವರು. ಹನ್ನೆರಡು ವರ್ಷದ ಊಟವನ್ನು ಯಾರೋ ಎಲ್ಲಿಂದಲೋ ಹೊಂದಿಸಿದ್ದರು. ಹಾಡು ಕೇಳುವಾಗ ಅದು ನಮಗೆ ನೆನಪಾಗುವುದಿಲ್ಲ.

ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜನಸಾಗರ ಕಂಬನಿ ಮಿಡಿಯಿತು. ಆಶ್ರಮದ ಮಕ್ಕಳಿಗೆ ಮರುದಿನವೂ ಹೊತ್ತಿಗೆ ಸರಿಯಾಗಿ ಹಸಿವಾಗುವುದಿತ್ತು.