ಆಡಲು ಒಂದಿಷ್ಟು ಜಾಗ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ನನ್ನ ರಾತ್ರಿಯ ದಾರಿ ಬದಲಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಪೀಣ್ಯ ದಾಟಿ ದಾಸರಹಳ್ಳಿಯಲ್ಲಿ ಇಳಿಯುತ್ತೇನೆ. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಿರುತ್ತಿದ್ದ ಕೈಗೆ ಈಗ ಮೊಬೈಲು ಹಿಡಿಯುವ ಬಿಡುವು. ಅದರಲ್ಲೊಂದು ಆಟ: ಮರದ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಪೇರಿಸಬೇಕು. ಸಮಯದ ಮಿತಿಯಿಲ್ಲ, ಎದುರಾಳಿಯಿಲ್ಲ, ಬಿದ್ದರೆ ಮತ್ತೆ ಕಟ್ಟಬಹುದು. ಹಗಲಿಡೀ ಪರದೆ ನೋಡಿ ಉರಿಯುವ ಕಣ್ಣು ಇನ್ನೊಂದು ಪರದೆ ನೋಡಿ ತಂಪಾಗುವುದಾದರೂ ಹೇಗೆ?

ಇಂಥ ಆಟಗಳ ಹಿಂದೆ ಭೌತಶಾಸ್ತ್ರದ ಲೆಕ್ಕ ಸದಾ ನಡೆಯುತ್ತಿರುತ್ತದೆ. ಎರಿನ್ ಕ್ಯಾಟೊ 2007ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಬಾಕ್ಸ್‌ಟುಡಿ ಎಂಬ ತಂತ್ರಾಂಶ ಆ ಲೆಕ್ಕಕ್ಕೆ ಹೆಸರುವಾಸಿ. ಆಂಗ್ರಿ ಬರ್ಡ್ಸ್‌ನ ಕೋಟೆಗಳು ಉರುಳಿದ್ದು ಅದರ ಬಲದಿಂದಲೇ. ಅದರೊಳಗೆ ಒಂದು ತುಂಡು ಇನ್ನೊಂದರೊಳಕ್ಕೆ ಅರ್ಧ ಸೆಂಟಿಮೀಟರಿನಷ್ಟು ತೂರಿದರೆ ಅದನ್ನು ತಪ್ಪೆಂದು ಎಣಿಸುವುದಿಲ್ಲ. ಅಷ್ಟನ್ನೂ ತಿದ್ದಲು ಹೊರಟರೆ ತುಂಡುಗಳು ಒಂದನ್ನೊಂದು ತಳ್ಳುತ್ತಾ ಇಡೀ ರಾಶಿ ನಡುಗುತ್ತಲೇ ಇರುತ್ತದೆ.

ಇದನ್ನು ತಿಳಿದ ದಿನ ಅಪ್ಪನ ಕೈ ಕಣ್ಮುಂದೆ ಬಂತು. ಪೀಣ್ಯದ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು ಅವರು. ಚಿಕ್ಕವಳಿದ್ದಾಗ ಊಟದ ಡಬ್ಬಿ ಕೊಡಲು ಹೋಗಿದ್ದೆ. ಶಾಫ್ಟನ್ನು ಬುಷ್ಷಿನೊಳಗೆ ಇಳಿಸಿ, ಎಣ್ಣೆ ಮೆತ್ತಿದ ಎರಡು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿದರು. "ಒಂಚೂರು ಪ್ಲೇ ಬಿಡ್ಬೇಕು ಕಣಮ್ಮ. ತೀರಾ ಟೈಟಾದ್ರೆ ಆಯಿಲ್ ಒಳಗೆ ಹೋಗಲ್ಲ, ಬಿಸಿಯಾಗಿ ಹಿಡ್ಕೊಂಬಿಡುತ್ತೆ." 25 ಮಿಲಿಮೀಟರ್ ಶಾಫ್ಟಿಗೆ ಆ ಪ್ಲೇ 50 ಮೈಕ್ರಾನಿನ ಆಸುಪಾಸು, ತಲೆಗೂದಲಿನಷ್ಟು.

ಪ್ಲೇ ಎಂದರೆ ಆಟ, ಶೆಡ್ಡಿನಲ್ಲಿ ಆಟವೆಲ್ಲಿಂದ ಬಂತು ಎಂದು ಆಗ ನನಗೆ ಬೆರಗು. ಈಗ ಅನ್ನಿಸುತ್ತದೆ, ನಮ್ಮ ನುಡಿಗೆ ಇದು ಮೊದಲೇ ಗೊತ್ತಿತ್ತು. ಕನ್ನಡದಲ್ಲಿ ಉಸಿರೂ ಆಡುತ್ತದೆ. ಗಾಳಿಯಾಡಲಿ ಎಂದು ಕಿಟಕಿ ತೆರೆಯುತ್ತೇವೆ. ಮೈಯಲ್ಲಿ ರಕ್ತ ಓಡಾಡುತ್ತದೆ. ಆಡುವುದಕ್ಕೆ ಮೊದಲು ಬೇಕಾದದ್ದು ಜಾಗ. ಆ ಜಾಗ ಕೊಡದ ಕೆಲಸ ನನ್ನದು, ತಂತ್ರಾಂಶದ ಟೆಸ್ಟಿಂಗ್. ಒಂದು ಗೆರೆ ಅತ್ತಿತ್ತ ಆದರೂ ಬಗ್ ಎಂದು ಬರೆಯಬೇಕು, ಬರೆಯುತ್ತೇನೆ. ಆ ಕೆಲಸಕ್ಕೆ ಅಂಥ ಕಣ್ಣೇ ಬೇಕು. ಆದರೆ ಅದೇ ಕಣ್ಣನ್ನು ಮನೆಗೂ ಹೊತ್ತು ತಂದು, ಅಪ್ಪ ಹೇಳುವ ಹಳೆಯ ಕಥೆಯ ಇಸವಿಯನ್ನು ನಡುವೆ ಬಾಯಿ ಹಾಕಿ ತಿದ್ದಿದ ರಾತ್ರಿಗಳಿವೆ. ಅವರು ಕಥೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ಬಾಕ್ಸ್‌ಟುಡಿಯಲ್ಲಿ ನನ್ನನ್ನು ಇನ್ನೂ ಆಳಕ್ಕೆ ತಟ್ಟಿದ ಒಂದು ಸಂಗತಿಯಿದೆ. ಅರ್ಧ ಸೆಕೆಂಡು ಅಲುಗದೆ ಇದ್ದ ತುಂಡುಗಳನ್ನು ಅದು ಮಲಗಿಸುತ್ತದೆ. ತಂತ್ರಾಂಶದವರು ಬಳಸುವ ಮಾತೇ ಅದು. ಮಲಗಿದ್ದಕ್ಕೆ ಲೆಕ್ಕವಿಲ್ಲ, ಮೇಲೆ ಎಷ್ಟು ಭಾರವಿದ್ದರೂ. ಆದರೆ ತಾಗಿಕೊಂಡಿರುವವೆಲ್ಲ ಒಟ್ಟಿಗೇ ಮಲಗಬೇಕು. ತುದಿಯ ಒಂದು ತುಂಡು ಅಲುಗುತ್ತಿದ್ದರೂ ಸಾಕು, ತಳದ್ದೂ ಎಚ್ಚರವಾಗಿಯೇ ಇರುತ್ತದೆ.

ದಾಸರಹಳ್ಳಿಯಲ್ಲಿ ಇಳಿದು ಮನೆ ಸೇರುವಾಗ ಹತ್ತೂಮುಕ್ಕಾಲು. ಗೇಟಿನ ಚಿಲಕದ ಸದ್ದಿಗೇ ಒಳಗಿನಿಂದ ದನಿ: "ಬಂದ್ಯಾ?"

"ಬಂದೆ ಅಪ್ಪ."

ಚಪ್ಪಲಿ ಬಿಡುವಷ್ಟರಲ್ಲಿ ಅವರ ಕೋಣೆಯ ದೀಪ ಆರುತ್ತದೆ.