ಚಿಕ್ಕಿಯ ಕಲೆ

"ಸ್ಕೂಲಲ್ಲಿ ಮಣ್ಣಿನ ಗಣಪತಿ ಮಾಡ್ತಿದ್ದೆಯಲ್ಲ, ಒಂದು ಸುಟ್ಟ ಗಾಯ ಮಾಡಿಕೊಡ್ತೀಯಾ?" ಅಂತ ಗೆಳೆಯ ಫೋನ್ ಮಾಡಿದಾಗ ನಾನು ಆಫೀಸಿನ ಕಾಫಿ ಮಷೀನ್ ಮುಂದೆ ನಿಂತಿದ್ದೆ. ತಮಾಷೆ ಅಂದ್ಕೊಂಡೆ. ಅಲ್ಲ. ಪುಣ್ಯಾತ್ಮ ನಿಜವಾಗಲೂ ಕೆಲಸ ಬಿಟ್ಟು ಸಿನಿಮಾ ಮಾಡೋಕೆ ಹೊರಟಿದ್ದ. ಅವನ ಪಿಎಫ್ ದುಡ್ಡು, ನಾಲ್ಕೈದು ಗೆಳೆಯರ ಚಂದಾ, ಬಾಡಿಗೆ ಕ್ಯಾಮೆರಾ, ಹನ್ನೆರಡು ದಿನದ ಶೂಟಿಂಗ್. ಗಂಡನ ಮನೆಯಲ್ಲಿ ಸುಟ್ಟುಕೊಂಡ ಹೆಣ್ಣುಮಗಳೊಬ್ಬಳು ವರ್ಷಗಳಾದ ಮೇಲೆ ತವರಿಗೆ ವಾಪಸ್ ಬರುವ ಕತೆ. ಮೇಕಪ್‌ಗೆ ಇಟ್ಟಿದ್ದು ಒಟ್ಟು ಒಂಬತ್ತು ಸಾವಿರ ರೂಪಾಯಿ. ಈ ಕೆಲಸ ಗೊತ್ತಿರುವವರು ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಕೇಳಿದ್ದರಂತೆ. ಹಾಗಾಗಿ ಗಣಪತಿ ಮಾಡುವವನ ನೆನಪಾಗಿದೆ.

ನಾನು ಒಪ್ಪಿಕೊಂಡೆ. ದಿನಾ ಸ್ಕ್ರೀನ್ ಮೇಲೆ ಕಾಣಿಸಿ ಸ್ಕ್ರೀನ್ ಮೇಲೇ ಮಾಯವಾಗುವ ಕೆಲಸ ಮಾಡಿ ಮಾಡಿ, ಕೈಗೆ ಅಂಟುವಂಥದ್ದು ಏನಾದರೂ ಮಾಡಬೇಕು ಅನ್ನಿಸಿತ್ತು. ಅದು ಅಕ್ಷರಶಃ ಅಂಟಿತು. ಲಿಕ್ವಿಡ್ ಲೇಟೆಕ್ಸ್, ಟಿಶ್ಯೂ ಪೇಪರ್, ಹತ್ತಿ, ಬೇಕರಿ ಸಾಮಾನಿನ ಅಂಗಡಿಯಿಂದ ಜೆಲಾಟಿನ್, ಗ್ಲಿಸರಿನ್, ಕೆಂಪು ಬಣ್ಣ. ನನ್ನ ಒಂದು ಬೆಡ್‌ರೂಮ್ ಮನೆ ಅಮೋನಿಯಾ ವಾಸನೆಯಿಂದ ತುಂಬಿಹೋಯಿತು. ಲೇಟೆಕ್ಸ್‌ನ ವಾಸನೆಯೇ ಅದು.

ಈ ವಿದ್ಯೆಗೆ ದುಡ್ಡಿಲ್ಲದವರ ದೊಡ್ಡ ಪರಂಪರೆಯೇ ಇದೆ. 1960ರ 'ಸೈಕೋ' ಸಿನಿಮಾದ ಸ್ನಾನದಮನೆಯಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪು ಚಿತ್ರವಾದ್ದರಿಂದ ನಡೆಯಿತು. 1981ರ 'ಈವಿಲ್ ಡೆಡ್' ಮಾಡಿದ ಹುಡುಗರು ಜೋಳದ ಸಿರಪ್ಪಿಗೆ ಬಣ್ಣ ಸೇರಿಸಿ, ಕಾಫಿಗೆ ಹಾಕುವ ಕ್ರೀಮರ್ ಪುಡಿ ಬೆರೆಸಿ ಮಂದ ಮಾಡಿಕೊಂಡರು. ನಮ್ಮಲ್ಲಿ ಆ ಸಿರಪ್ ದುಬಾರಿ. ನಾನು ಊರಿನ ಜೋನಿ ಬೆಲ್ಲಕ್ಕೆ ಕೆಂಪು ಬಣ್ಣ, ಒಂದು ಹನಿ ನೀಲಿ, ಚೂರು ಕಾಫಿಪುಡಿ ಕಲಸಿದೆ. ರಕ್ತವೇನೋ ಅದ್ಭುತವಾಗಿ ಬಂತು. ಮಾರನೇ ದಿನ ಬೆಳಗ್ಗೆ ಇರುವೆಗಳೂ ಬಂದವು.

ಒಂದು ತಿಂಗಳು ರಾತ್ರಿ ಹೊತ್ತು ನನ್ನ ಎಡಗೈಯನ್ನು ದಿನಕ್ಕೊಂದು ಸಲ ಸುಟ್ಟೆ. ಚರ್ಮ ಎಳೆದು ಹಿಡಿದು, ಲೇಟೆಕ್ಸ್ ಬಳಿದು, ಒಣಗಿಸಿ, ಪೌಡರ್ ಹಾಕಿ ಬಿಟ್ಟರೆ ಚರ್ಮ ತಾನಾಗಿ ಸುಕ್ಕುಗಟ್ಟುತ್ತದೆ. ಪೆಟ್ಟು ಬಿದ್ದ ಜಾಗ ಮೊದಲು ಕೆಂಪು, ಆಮೇಲೆ ನೇರಳೆ, ಆಮೇಲೆ ಹಸಿರು, ಕೊನೆಗೆ ಹಳದಿ ಆಗುತ್ತದೆ ಅನ್ನೋದು ಕಲಿತೆ. ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಮೈ ಹಂತಹಂತವಾಗಿ ಕರಗಿಸಿಕೊಳ್ಳುವಾಗ ಬರುವ ಬಣ್ಣಗಳಂತೆ ಅವು. ಅಂದರೆ ಗಾಯಕ್ಕೂ ತಾರೀಖು ಇರುತ್ತದೆ. ತಾರೀಖು ತಪ್ಪಾದರೆ ನೋಡುವವನಿಗೆ ಯಾಕೆ ಅಂತ ಗೊತ್ತಾಗದಿದ್ದರೂ ಏನೋ ಸುಳ್ಳು ಅನ್ನಿಸುತ್ತದೆ.

ಹಸಿ ಗಾಯ ಬಂತು. ಆದರೆ ಚಿತ್ರದ ಮುಕ್ಕಾಲು ಭಾಗಕ್ಕೆ ಬೇಕಾಗಿದ್ದು ಮಾಗಿದ ಕಲೆ. ಅದು ಬರಲೇ ಇಲ್ಲ. ಏನು ಮಾಡಿದರೂ ಒಣಗಿದ ಫೆವಿಕಾಲ್ ಥರ ಕಾಣುತ್ತಿತ್ತು. ಗೂಗಲ್‌ನಲ್ಲಿ ಆಸ್ಪತ್ರೆಯ ಫೋಟೋಗಳನ್ನು ಹುಡುಕಿದೆ. ಮೊದಲ ದಿನ ಎರಡು ನಿಮಿಷ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಮೂರನೇ ದಿನ ಅದೇ ಫೋಟೋಗಳನ್ನು ಚಹಾ ಕುಡಿಯುತ್ತಾ ಜೂಮ್ ಮಾಡಿ ನೋಡುತ್ತಿದ್ದೆ. ಆ ಮೂರು ದಿನದಲ್ಲಿ ನನ್ನೊಳಗೆ ಏನು ಕಡಿಮೆಯಾಯಿತು ಅಂತ ಆಗ ಯೋಚಿಸಲಿಲ್ಲ.

ಆಗಲೇ ನೆನಪಾಗಿದ್ದು ಚಿಕ್ಕಿ.

ನಮ್ಮೂರು ಸಾಗರದ ಕಡೆ. ದೀಪಾವಳಿ ಕಳೆದ ಮೇಲೆ ಅಡಿಕೆ ಕೊಯ್ಲು. ಹಗಲೆಲ್ಲ ಕೊನೆ ಇಳಿಸೋದು, ರಾತ್ರಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋದು, ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಚೊಗರು ಹಾಕಿ ಬೇಯಿಸೋದು. ನನಗೆ ಆರು ವರ್ಷ ಆಗ. ಬೆಂದ ಅಡಿಕೆ ತೆಗೆಯುವಾಗ ಚಿಕ್ಕಿ ಕಾಲು ಜಾರಿತು. ಕುದಿಯುವ ಚೊಗರು ಎಡ ಹೆಗಲಿನಿಂದ ಮೊಣಕೈವರೆಗೆ, ಕಂಕುಳ ಕೆಳಗೆಲ್ಲ ಸುರಿಯಿತು. ನನಗೆ ನೆನಪಿರೋದು ಆ ಕೂಗು, ಮತ್ತು ಯಾರೋ ನನ್ನನ್ನು ಎತ್ತಿಕೊಂಡು ಒಳಗೆ ಓಡಿದ್ದು. ಎರಡು ತಿಂಗಳಾದ ಮೇಲೆ ಚಿಕ್ಕಿ ಉದ್ದ ತೋಳಿನ ರವಿಕೆ ಹಾಕಿಕೊಂಡು ಮನೆಗೆ ಬಂದರು. ಅಷ್ಟೇ. ಆ ವಿಷಯ ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ತಂಗಿಯ ಮದುವೆ ಆಲ್ಬಮ್‌ನಲ್ಲಿ ಒಂದು ಫೋಟೋ ಇತ್ತು. ಸೆಖೆಗೋ ಏನೋ ಚಿಕ್ಕಿ ಅವತ್ತು ಗಿಡ್ಡ ತೋಳಿನ ರವಿಕೆ ಹಾಕಿ, ಬಡಿಸುತ್ತಾ ಬಗ್ಗಿದ್ದರು. ಹೆಗಲಿನಿಂದ ಮೊಣಕೈವರೆಗಿನ ಕಲೆ ನಿಚ್ಚಳವಾಗಿ ಕಾಣುತ್ತಿತ್ತು. ಹೊಳೆಯುವ ಜಾಗ, ಹಗ್ಗದ ಥರ ಎದ್ದ ಗೆರೆಗಳು, ಅಂಚಿನಲ್ಲಿ ಕಪ್ಪು, ನಡುವೆ ಬಿಳಿಚು. ಮುಖ ಕ್ರಾಪ್ ಮಾಡಿದೆ. ತೋಳು ಮಾತ್ರ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಎರಡೇ ವಾರದಲ್ಲಿ ಕಲೆ ಬಂತು. ಗೆಳೆಯ ನೋಡಿ "ಸಖತ್ತಾಗಿದೆ ಗುರೂ, ಎಲ್ಲಿಂದ ಹಿಡಿದೆ ಇದನ್ನ?" ಅಂದ. "ನೆಟ್‌ನಲ್ಲಿ ಸಿಕ್ತು" ಅಂದೆ. ಆ ಸುಳ್ಳು ಯಾಕೆ ಹೇಳಿದೆನೋ ಆಗಲೇ ನಿಂತು ಕೇಳಿಕೊಳ್ಳಬೇಕಿತ್ತು. ಸರಿಯಾದ ಕೆಲಸಕ್ಕೆ ಯಾರು ಸುಳ್ಳು ಹೇಳ್ತಾರೆ?

ಶೂಟಿಂಗ್ ಕನಕಪುರದ ಕಡೆ ಒಂದು ಹಳೇ ಮನೆಯಲ್ಲಿ, ಏಪ್ರಿಲ್‌ನಲ್ಲಿ. ಜೆಲಾಟಿನ್ ಬಿಸಿಗೆ ಕರಗುತ್ತದೆ ಅನ್ನೋದು ಓದಿದ್ದೆ, ಕಣ್ಣಾರೆ ಕಂಡಿದ್ದು ಎರಡನೇ ದಿನ ಮಧ್ಯಾಹ್ನ. ನಾಯಕಿಯ ತೋಳಿನ ಮೇಲಿನ ಕಲೆ ನಿಧಾನಕ್ಕೆ ಮೊಣಕೈ ಕಡೆ ಇಳಿದು ಬರ್ತಾ ಇತ್ತು. ಆಮೇಲೆ ಪೂರ್ತಿ ಲೇಟೆಕ್ಸ್‌ಗೆ ಬದಲಾಯಿಸಿದೆ. ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿದ್ದೆ. ಮೊದಲೇ ಆ ಹುಡುಗಿಯ ಕೈಗೆ ಒಂದು ಚುಕ್ಕೆ ಲೇಟೆಕ್ಸ್ ಹಚ್ಚಿ ಒಂದು ದಿನ ಕಾದು ನೋಡಿದ್ದೆ; ಕೆಲವರಿಗೆ ಅದು ಆಗಿಬರೋದಿಲ್ಲ. 1939ರ 'ವಿಜರ್ಡ್ ಆಫ್ ಆಜ್' ಚಿತ್ರಕ್ಕೆ ತಗಡಿನ ಮನುಷ್ಯನ ವೇಷ ಹಾಕಿದ ಬಡ್ಡಿ ಎಬ್ಸನ್ ಎಂಬ ನಟ ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿ ಉಸಿರಲ್ಲಿ ಹೋಗಿ ಆಸ್ಪತ್ರೆ ಸೇರಿದ್ದ, ಪಾತ್ರ ಇನ್ನೊಬ್ಬನ ಪಾಲಾಯಿತು. ಅದನ್ನು ಓದಿ ಹೆದರಿದ್ದೆ. ಮೈ ಕೊಡುವವಳನ್ನು ಕೇಳಿ ಮಾಡಬೇಕು ಅನ್ನುವ ಬುದ್ಧಿ ಇತ್ತು. ಕಲೆ ಕೊಟ್ಟವಳನ್ನು ಕೇಳಬೇಕು ಅನ್ನುವ ಬುದ್ಧಿ ಇರಲಿಲ್ಲ.

ಐದನೇ ದಿನ ಇನ್ನೊಂದು ನಡೆಯಿತು. ಅವತ್ತು ಫ್ಲ್ಯಾಶ್‌ಬ್ಯಾಕ್ ಸೀನು, ಹಣೆಯಿಂದ ರಕ್ತ, ತೋಳಿಗೆ ಹಸಿ ಸುಟ್ಟ ಗಾಯ. ಬ್ರೇಕ್‌ನಲ್ಲಿ ಅದೇ ಮೇಕಪ್‌ನಲ್ಲಿ ನಾವು ನಾಲ್ಕು ಜನ ಮೂಲೆಯ ಟೀ ಅಂಗಡಿಗೆ ಹೋದೆವು. ಮೇಕಪ್ ತೆಗೆದು ಹಾಕೋಕೆ ಎರಡು ಗಂಟೆ ಬೇಕಲ್ಲ. ಅಂಗಡಿಯ ಅಮ್ಮ ಒಮ್ಮೆ ನೋಡಿದವರೇ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿಬಂದರು. "ಅಯ್ಯೋ, ಯಾರವ್ವ ನಿಂಗೆ ಹಿಂಗೆ ಮಾಡಿದ್ದು?" ಅಂದರು. "ಏನಾಯ್ತು" ಅಂತಲ್ಲ, "ಯಾರು ಮಾಡಿದ್ದು" ಅಂತ. ನಾವು ನಕ್ಕುಬಿಟ್ಟೆವು. "ಸಿನಿಮಾ ಶೂಟಿಂಗ್ ಅಮ್ಮಾ, ಬೆಲ್ಲ ಇದು" ಅಂದೆವು. ಅವರೂ ನಗೋಕೆ ನೋಡಿದರು, ಆದರೆ ಕೈ ನಡುಗುತ್ತಿತ್ತು. ಟೀ ಹಾಕಿಕೊಟ್ಟು ಒಳಗೆ ಹೋದವರು ದುಡ್ಡು ಇಸ್ಕೊಳ್ಳೋಕೂ ಹೊರಗೆ ಬರಲಿಲ್ಲ. ಅವರ ಮನೆಯಲ್ಲೋ ನೆರೆಯಲ್ಲೋ ಯಾರಿದ್ದರೋ, ನಾನು ವಿಚಾರಿಸಲಿಲ್ಲ. ವಾಪಸ್ ನಡೆಯುವಾಗ ಗೆಳೆಯ "ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?" ಅಂತ ಬೆನ್ನು ತಟ್ಟಿದ. ನನಗೆ ಖುಷಿಯಾಗಿತ್ತು. ಅದನ್ನು ಇಲ್ಲಿ ಮುಚ್ಚಿಡೋದಿಲ್ಲ.

ಆಮೇಲೆ ಯೋಚಿಸಿದಾಗ ನನಗೆ ಯಕ್ಷಗಾನದ ಚೌಕಿ ನೆನಪಾಯಿತು. ಮೇಳದವರು ಬಂದಾಗ ನಾವು ಹುಡುಗರು ಚೌಕಿಯ ಹೊರಗೆ ನಿಂತು ಇಣುಕುತ್ತಿದ್ದೆವು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂರುತ್ತಿದ್ದರು. ಅದೇ ರಾಕ್ಷಸ ರಂಗಕ್ಕೆ ಬಂದಾಗ, ಹಚ್ಚಿದ್ದನ್ನು ನಾವೇ ನೋಡಿದ್ದರೂ, ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದೆವು. ಅದು ಬಣ್ಣ ಅಂತ ಗೊತ್ತಿದ್ದೇ ಹೆದರುತ್ತಿದ್ದೆವು. ಅಲ್ಲಿ ಒಂದು ಒಪ್ಪಂದ ಇತ್ತು: ನೀವು ಸುಳ್ಳು ಹೇಳಿ, ನಾವು ನಂಬುತ್ತೇವೆ. ಥಿಯೇಟರ್‌ನಲ್ಲಿ ಟಿಕೆಟ್ ತಗೊಂಡು ಕೂತವರದ್ದೂ ಅದೇ ಒಪ್ಪಂದ. ಆದ್ದರಿಂದ ಗಾಯದ ಮೇಕಪ್ ಮಾಡೋದು ಮೋಸ ಅಂತ ನಾನು ಹೇಳೋದಿಲ್ಲ. ಆದರೆ ಟೀ ಅಂಗಡಿಯ ಅಮ್ಮ ಟಿಕೆಟ್ ತಗೊಂಡಿರಲಿಲ್ಲ. ಒಪ್ಪಂದ ಇಲ್ಲದ ಕಡೆ ಅದೇ ಬೆಲ್ಲ, ಅದೇ ಬಣ್ಣ ಬರೀ ಮೋಸ ಆಗಿಬಿಡುತ್ತದೆ.

ಸಿನಿಮಾ ಮುಗಿಯಿತು. ಬೆಂಗಳೂರಿನಲ್ಲಿ ಒಂದು ಸಣ್ಣ ಹಾಲ್‌ನಲ್ಲಿ ತೋರಿಸಿದೆವು, ಐವತ್ತು ಅರವತ್ತು ಜನ. ಕಲೆಯನ್ನು ಎಲ್ಲರೂ ಹೊಗಳಿದರು. ಮನೆಯವರಿಗೆ ನಾನು ಹೇಳಿರಲಿಲ್ಲ. ಆದರೆ ಲಿಂಕ್ ಒಬ್ಬರಿಂದ ಒಬ್ಬರಿಗೆ ಹೋಗಿ ಚಿಕ್ಕಿಯ ಮಗನಿಗೆ ಮುಟ್ಟಿತು. ಅವನು ವಾಟ್ಸಾಪ್‌ನಲ್ಲಿ ಒಂದೇ ಸಾಲು ಕಳಿಸಿದ: "ಅಣ್ಣಾ, ಅಮ್ಮ ನೋಡಿದ್ಲು."

ಮುಂದೇನೂ ಇಲ್ಲ. ಸ್ಮೈಲಿ ಕೂಡ ಇಲ್ಲ. ಆ ಶುಕ್ರವಾರ ರಾತ್ರಿ ಸಾಗರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನಿದ್ದೆ ಬರದೆ ಸಮರ್ಥನೆಗಳನ್ನು ಜೋಡಿಸಿಕೊಂಡೆ. ಅಮೆರಿಕದ ಟಾಮ್ ಸವಿನಿ ಅನ್ನೋ ಮೇಕಪ್ ಕಲಾವಿದ ವಿಯೆಟ್ನಾಂ ಯುದ್ಧದಲ್ಲಿ ಫೋಟೋಗ್ರಾಫರ್ ಆಗಿದ್ದ. ಅಲ್ಲಿ ಕಂಡ ದೇಹಗಳೇ ಮುಂದೆ 'ಡಾನ್ ಆಫ್ ದಿ ಡೆಡ್'ನಂಥ ಚಿತ್ರಗಳಲ್ಲಿ ಅವನ ಕೈಗೆ ಬಂದವು. ಅವನು ಸತ್ತವರ ಅನುಮತಿ ಕೇಳಿದ್ನಾ? ಇನ್ನೊಂದು: ನಮ್ಮ ಸಿನಿಮಾಗಳಲ್ಲಿ ಸುಟ್ಟ ಮುಖ ಅಂದರೆ ಸಾಮಾನ್ಯವಾಗಿ ವಿಲನ್. 2020ರ 'ಛಪಾಕ್' ಥರದ್ದು ಬಂದಿದ್ದು ಇತ್ತೀಚೆಗೆ. ಚಿಕ್ಕಿಯಂಥವರನ್ನು ಮನುಷ್ಯರಾಗಿ ತೋರಿಸಿದ್ದೇವೆ, ಒಳ್ಳೇದೇ ಅಲ್ವಾ? ಮೂರನೆಯದು: ಕೇಳಿದ್ದರೆ ಹಳೇ ನೋವು ಕೆದಕಿದ ಹಾಗಾಗ್ತಿತ್ತು, ಅದಕ್ಕೇ ಕೇಳಲಿಲ್ಲ.

ಮೂರೂ ಅರ್ಧ ನಿಜ. ಅರಸೀಕೆರೆ ದಾಟುವ ಹೊತ್ತಿಗೆ ಉಳಿದ ಅರ್ಧ ಕಾಣತೊಡಗಿತು. ಸವಿನಿ ಆ ದೇಹಗಳ ಪಕ್ಕದಲ್ಲಿ ನಿಂತಿದ್ದ, ಅದರ ಭಾರ ಹೊತ್ತುಕೊಂಡು ಬಂದಿದ್ದ. ನಾನು ಜೂಮ್ ಮಾಡಿದ್ದೆ ಅಷ್ಟೇ. ಮನುಷ್ಯರಾಗಿ ತೋರಿಸೋಕೆ ಹೊರಟವನು ಮೊದಲು ಮಾಡಿದ್ದೇ ಮುಖ ಕ್ರಾಪ್ ಮಾಡಿದ್ದು. ಇನ್ನು ನೋವು ಕೆದಕಬಾರದು ಅಂತ ಕೇಳಲಿಲ್ಲ ಅನ್ನೋದು... ಅವರು "ಬೇಡ" ಅಂದುಬಿಟ್ಟರೆ ಅನ್ನುವ ಭಯಕ್ಕೆ ಕೇಳಲಿಲ್ಲ. ಬೇಡ ಅಂದರೆ ನನ್ನ ಅತ್ಯುತ್ತಮ ಕೆಲಸ ಹೋಗುತ್ತಿತ್ತು. ಆಫೀಸಿನಲ್ಲಿ ಇಪ್ಪತ್ತು ಸಾಲಿನ ಓಪನ್ ಸೋರ್ಸ್ ಕೋಡ್ ಬಳಸಬೇಕಾದರೂ ಲೈಸೆನ್ಸ್ ಏನು ಅಂತ ನೋಡುತ್ತೇನೆ, ಬರೆದವರ ಹೆಸರು ಫೈಲ್‌ನಲ್ಲಿ ಉಳಿಸುತ್ತೇನೆ. ಗುರುತಿಲ್ಲದವನ ಕೋಡಿಗೆ ಕೊಟ್ಟ ಮರ್ಯಾದೆಯನ್ನು ಎತ್ತಿ ಆಡಿಸಿದ ಚಿಕ್ಕಿಯ ತೋಳಿಗೆ ಕೊಡಲಿಲ್ಲ. ಮನೆಯವರದ್ದೆಲ್ಲ ನಮ್ಮದೇ ಅನ್ನುವ ಸಲಿಗೆಯಲ್ಲಿ ಇಂಥ ಎಷ್ಟು ಕಳ್ಳತನ ನಡೆಯುತ್ತದೋ.

ಚಿಕ್ಕಿ ತಿಂಡಿ ಬಡಿಸುವವರೆಗೂ ಆ ಮಾತೇ ಎತ್ತಲಿಲ್ಲ. ಎರಡನೇ ದೋಸೆ ಹಾಕುವಾಗ ಅವರೇ ಶುರು ಮಾಡಿದರು.

"ನಿನ್ನ ಸಿನಿಮಾ ನೋಡ್ದೆ. ಬಣ್ಣ ಎಲ್ಲ ಸರಿಯಾಗೇ ಮಾಡಿದೀಯ."

"ಚಿಕ್ಕಿ, ಅದು..."

"ಗೊತ್ತಾಯ್ತು ಮಾರಾಯ. ನನ್ನ ಕೈ ನನಗೆ ಗುರುತು ಸಿಗಲ್ವಾ?" ಕಾವಲಿಗೆ ಇನ್ನೊಂದು ಹೊಯ್ದರು. "ಆದ್ರೆ ಆ ಹುಡುಗಿ ತಂತಿ ಮೇಲೆ ಬಟ್ಟೆ ಒಣಗಿಸ್ತಾಳಲ್ಲ, ಎಡಗೈ ಪೂರ್ತಿ ಮೇಲೆತ್ತಿ. ಹಾಗೆ ಎತ್ತಕ್ಕೆ ಬರಲ್ಲ."

ಸಟ್ಟುಗ ಕೆಳಗಿಟ್ಟು ಎಡಗೈ ಎತ್ತಿ ತೋರಿಸಿದರು. ಕಿವಿಯವರೆಗೂ ಬರಲಿಲ್ಲ, ನಿಂತುಹೋಯಿತು. ಕಂಕುಳಲ್ಲಿ ಚರ್ಮ ಸೆಳೆದುಕೊಂಡಿದೆ, ಚಳಿಗಾಲದಲ್ಲಿ ಇನ್ನೂ ಬಿಗಿಯುತ್ತದೆ ಅಂದರು. ಸೆಖೆಯಲ್ಲಿ ಆ ಜಾಗ ಬೆವರೋದಿಲ್ಲ, ಬರೀ ಉರಿ ಉರಿ ಅನ್ನುತ್ತದೆ. ಈಗಲೂ ಕೆಲವು ರಾತ್ರಿ ತುರಿಕೆ. ಬಟ್ಟೆ ಒಣಗಿಸೋ ತಂತಿಯನ್ನು ಚಿಕ್ಕಪ್ಪ ಇಪ್ಪತ್ತೆಂಟು ವರ್ಷದ ಹಿಂದೆಯೇ ತಗ್ಗಿಸಿ ಕಟ್ಟಿದ್ದಾರಂತೆ. ಆ ಹಿತ್ತಲಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ, ಆ ತಂತಿ ನನ್ನ ಹಣೆಗೆ ತಾಗಿದೆ. ಯಾಕೆ ಇಷ್ಟು ತಗ್ಗು ಅಂತ ಒಂದು ದಿನವೂ ಕೇಳಿಲ್ಲ.

"ಕೇಳಿದ್ರೆ ಹೇಳ್ತಿದ್ದೆ" ಅಂದರು ಚಿಕ್ಕಿ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮ ಹೆಸರು ಹಾಕಬಹುದಾ ಚಿಕ್ಕಿ, ಥ್ಯಾಂಕ್ಸ್ ಅಂತ?" ಕೇಳಿದೆ.

"ಬೇಡ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಈಗ ಕೇಳಿದ್ಯಲ್ಲ, ಅದಕ್ಕೇ ಹೇಳ್ತಿದೀನಿ. ಬೇಡ" ಅಂದರು. ಹಾಕಲಿಲ್ಲ. ಇದನ್ನು ಬರೆಯಲಾ ಅಂತ ಕೇಳಿದ್ದಕ್ಕೆ ಎರಡು ದಿನ ಯೋಚಿಸಿ ಹೂಂ ಅಂದರು. ಊರಿನ ಹೆಸರು, ನನ್ನ ಹೆಸರು ಅಂತ ಹಾಕಬೇಡ, ಸಾಗರದ ಕಡೆ ಅಂತ ಬೇಕಾದರೆ ಬರಿ ಅಂದರು.

ನಾನು ಅಲ್ಲಿಯವರೆಗೆ ಅಂದುಕೊಂಡಿದ್ದು, ಕೇಳೋದು ಒಂದು ಶಿಷ್ಟಾಚಾರ. ಕೆಲಸ ಚೆನ್ನಾಗಿ ಬಂದರೆ ಅದರ ಕೊರತೆ ಮುಚ್ಚಿಹೋಗುತ್ತದೆ ಅಂತ. ಕೇಳದೇ ಮಾಡಿದ್ದರಿಂದ ಕೆಲಸವೇ ತಪ್ಪಾಗಿತ್ತು. ಫೋಟೋದಿಂದ ಕದಿಯಬಹುದಾದ್ದು ಚರ್ಮ ಮಾತ್ರ. ಬಿಗಿತ, ಉರಿ, ತುರಿಕೆ, ತಗ್ಗಿಸಿ ಕಟ್ಟಿದ ತಂತಿ, ಇವು ಯಾವುವೂ ಫೋಟೋದಲ್ಲಿ ಇರಲಿಲ್ಲ. ಇದ್ದಿದ್ದು ಚಿಕ್ಕಿಯ ಹತ್ತಿರ. ಕನ್ನಡದಲ್ಲಿ ಕಲೆ ಅಂದರೆ ಎರಡರ್ಥ. ನಾನು ಒಂದನ್ನು ಮಾಡೋ ಹುಮ್ಮಸ್ಸಿನಲ್ಲಿ ಇನ್ನೊಂದು ಏನು ಅಂತಲೇ ತಿಳಿದುಕೊಂಡಿರಲಿಲ್ಲ.

ಗೆಳೆಯನಿಗೆ ಹೇಳಿದೆ. ಆ ಶಾಟ್ ಮತ್ತೆ ತೆಗೆಯೋಕೆ ದುಡ್ಡಿಲ್ಲ, ಆ ಹುಡುಗಿ ಬೇರೆ ಸೀರಿಯಲ್‌ನಲ್ಲಿ ಬಿಜಿ. "ಯಾರಿಗೂ ಗೊತ್ತಾಗಲ್ಲ ಬಿಡೋ" ಅಂದ. ಅವನು ಹೇಳಿದ್ದು ನಿಜ, ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಸಿನಿಮಾ ಇನ್ನೂ ಹಾಗೇ ಇದೆ. ಅದರಲ್ಲಿ ಸುಟ್ಟ ತೋಳಿನ ಹುಡುಗಿಯೊಬ್ಬಳು ಎಡಗೈ ಮೇಲೆತ್ತಿ ಎತ್ತರದ ತಂತಿಗೆ ಸೀರೆ ಹರವುತ್ತಾಳೆ. ಬೆಳಕು ಚೆನ್ನಾಗಿದೆ, ಕಲೆ ನಿಜದ ಹಾಗೇ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಎಡಗೈ ಕಿವಿಯ ಹತ್ತಿರ ಬಂದು ನಿಂತುಕೊಳ್ಳುತ್ತದೆ.